ಥಾಯ್ಲೆಂಡಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸ್ಲಿಕ್ಕೆ ಹೋಗುವವರು ಮೊದ್ಲು ಇದು ಓದಿ

ನಮ್ಮ ಕಾಸರಗೋಡು, ಮಂಜೇಶ್ವರ ಕಡೆ ಬಿಎಡ್ ಮಾಡಿ ಕೂತವರು ಸುಮಾರು ಜನ ಉಂಟಲ್ಲ, ಅವರಿಗೆ ಕೆಲವು ಏಜೆಂಟ್‌ಗಳು ಹೇಳುದು ಒಂದೇ, ಟೂರಿಸ್ಟಾಗಿ ಹೋಗಿ, ಮತ್ತೆ ಅಲ್ಲಿ ನೋಡುವ ಅಂತ. ಬೇಡ ಮಾರಾಯ್ರೆ. ಹಾಗೆ ಹೋಗಿ ನರ್ಸರಿಯಲ್ಲಿ ಎಬಿಸಿಡಿ ಹೇಳಿಕೊಟ್ರೂ ಅದು ಕಳ್ಳ ಕೆಲಸವೇ. ಬೇಕಾದ್ದು ನಾನ್ ಇಮಿಗ್ರೆಂಟ್ ಬಿ ವೀಸಾ, ಅಂದ್ರೆ ಕೆಲಸಕ್ಕೆ ಹೋಗುವವರ ವೀಸಾ, ಅದಕ್ಕೆ ಶಾಲೆಯವರ ಪತ್ರ ಮೊದ್ಲು ಕೈಗೆ ಬರ್ಬೇಕು, ವೀಸಾ ಸಿಕ್ಕಿದ್ರೂ ವರ್ಕ್ ಪರ್ಮಿಟ್ ಬೇರೆಯೇ, ಅದು ಅಲ್ಲಿಗೆ ಹೋದ ಮೇಲೆ ಶಾಲೆಯ ಮೂಲಕ ಆಗುದು.

ಡಿಗ್ರಿ ಬೇಕು. ನಾವು ಅವರ ಲೆಕ್ಕದಲ್ಲಿ ನೇಟಿವ್ ಸ್ಪೀಕರ್ ಅಲ್ಲ, ಹಾಗಾಗಿ ಸಾಮಾನ್ಯವಾಗಿ ಇಂಗ್ಲಿಷ್ ಪರೀಕ್ಷೆಯಾದ ಟೋಯಿಕ್‌ನಲ್ಲಿ 600 ಅಂಕ ಕೇಳ್ತಾರೆ. ಪೊಲೀಸ್ ಕ್ಲಿಯರೆನ್ಸಿಗೆ ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ರಾಯ್ತು.

ನಿಜವಾದ ತಲೆನೋವು ಅಟೆಸ್ಟೇಶನ್, ಅಂದ್ರೆ ಸರ್ಟಿಫಿಕೇಟು ಅಸಲಿ ಅಂತ ಸರ್ಕಾರದಿಂದ ದೃಢೀಕರಣ ಮಾಡಿಸುದು. ಕಣ್ಣೂರು ಯುನಿವರ್ಸಿಟಿ ಡಿಗ್ರಿ ಆದ್ರೆ ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆಯಲ್ಲಿ ಮಾಡಿಸ್ಬಹುದು, ಆದ್ರೆ ನಮ್ಮವರು ತುಂಬ ಜನ ಓದಿದ್ದು ಮಂಗಳೂರಲ್ಲಿ, ಆ ಸರ್ಟಿಫಿಕೇಟು ಕರ್ನಾಟಕ ಸರ್ಕಾರದಿಂದಲೇ ಆಗ್ಬೇಕು, ಆಮೇಲೆ ವಿದೇಶಾಂಗ ಇಲಾಖೆ, ಆಮೇಲೆ ಥಾಯ್ ಎಂಬಸಿ. ಗಡಿಯಲ್ಲಿ ಹುಟ್ಟಿದ ಕರ್ಮ! ಮಾರ್ಕ್ಸ್‌ಕಾರ್ಡಲ್ಲಿ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರು ಇದ್ರೆ ಈಗ್ಲೇ ಸರಿ ಮಾಡಿಸಿ.

ಕೊರಿಯಾ ಆಸೆ ಇದ್ದವರಿಗೆ: ಅಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್ ತರದ 7 ದೇಶದವರಿಗೆ.