ಕೋಷ್ಟಕದಿಂದ ನಕ್ಷೆಗೆ: ರೇಖಾತ್ಮಕ ಸಮೀಕರಣವನ್ನು ಕಲಿಸುವ ಬಗೆ

ಒಂಬತ್ತನೆಯ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣವನ್ನು ಆರಂಭಿಸುವ ಶಿಕ್ಷಕರು ಮೊದಲ ದಿನವೇ ನಕ್ಷಾಹಾಳೆಯನ್ನು ಹಂಚದೆ, ಆ ಅವಧಿಯನ್ನು ಪೂರ್ತಿಯಾಗಿ ಕೋಷ್ಟಕಕ್ಕೇ ಮೀಸಲಿಡುವುದು ಒಳ್ಳೆಯದು. ಕೋಷ್ಟಕದ ಪ್ರತಿಯೊಂದು ಜೋಡಿಯೂ ಸಮೀಕರಣದ ಒಂದು ಪರಿಹಾರ, ಆ ಪರಿಹಾರವೇ ಹಾಳೆಯ ಮೇಲೆ ಒಂದು ಬಿಂದು ಎಂಬುದು ಮನಸ್ಸಿಗೆ ಹತ್ತದಿದ್ದರೆ ವಿದ್ಯಾರ್ಥಿ ಗೆರೆಯನ್ನು ಎಳೆಯಬಲ್ಲನೇ ಹೊರತು ಅದನ್ನು ಓದಲಾರ.

ರಾಯಚೂರು ಸೀಮೆಯ ಮಕ್ಕಳಿಗೆ ಹತ್ತಿ ಬಿಡಿಸುವ ಕೂಲಿಯ ಲೆಕ್ಕ ಹೊಸದಲ್ಲವಾದ್ದರಿಂದ ಅಲ್ಲಿಂದಲೇ ಹೊರಡಬಹುದು. ಕೆ.ಜಿ.ಗೆ 10 ರೂಪಾಯಿ ಕೂಲಿ ಎಂದು ಇಟ್ಟುಕೊಂಡು, ಬಿಡಿಸಿದ ಹತ್ತಿಯ ತೂಕವನ್ನು ಎಕ್ಸ್, ಕೂಲಿಯನ್ನು ವೈ ಎಂದು ಕರೆದರೆ ಸಮೀಕರಣವು ವೈ = 10 ಎಕ್ಸ್ ಆಗುತ್ತದೆ; 0, 20, 40 ಕೆ.ಜಿ.ಗೆ ಕೂಲಿ ಕ್ರಮವಾಗಿ 0, 200, 400 ರೂಪಾಯಿ. ಹೊಲದವರು ಇದರ ಮೇಲೆ ಆಟೋ ಖರ್ಚಿಗೆಂದು 50 ರೂಪಾಯಿ ಕೊಟ್ಟರೆ ಸಮೀಕರಣವು ವೈ = 10 ಎಕ್ಸ್ + 50 ಆಗಿ, ಕೋಷ್ಟಕದ ಎರಡನೆಯ ಸಾಲು 50, 250, 450 ಎಂದು ಬದಲಾಗುತ್ತದೆ. ಎರಡೂ ಕೋಷ್ಟಕಗಳನ್ನು ಪಕ್ಕಪಕ್ಕದಲ್ಲಿ ಬರೆಸಿ, ಎರಡರಲ್ಲೂ ಏರಿಕೆ ಒಂದೇ ಏಕೆ, ಆರಂಭ ಮಾತ್ರ ಬೇರೆ ಏಕೆ ಎಂದು ಕೇಳಿದರೆ, ಸಮಾಂತರ ರೇಖೆಗಳು ಏಕೆ ಕೂಡುವುದಿಲ್ಲ ಎಂಬುದಕ್ಕೆ ಉತ್ತರ ಗೆರೆ ಎಳೆಯುವ ಮೊದಲೇ ತರಗತಿಯಿಂದಲೇ ಬರುತ್ತದೆ. ಹತ್ತಿಯ ತೂಕ ಋಣ ಸಂಖ್ಯೆಯಾಗಲಾರದು. ಆದ್ದರಿಂದ ಈ ಉದಾಹರಣೆಯು ಮೊದಲನೆಯ ಚತುರ್ಥಕದಲ್ಲೇ, ಅಂದರೆ ಎಕ್ಸ್, ವೈ ಎರಡೂ ಋಣವಲ್ಲದ ಭಾಗದಲ್ಲೇ, ಉಳಿಯುತ್ತದೆ, ಆರಂಭಕ್ಕೆ ಅದು ಅನುಕೂಲವೇ.

ಮುಂದಿನ ಹೆಜ್ಜೆಯಲ್ಲಿ ಎಕ್ಸ್‌ನ ಬೆಲೆಗಳನ್ನು ಆರಿಸುವುದನ್ನು ಕಲಿಸಬೇಕು. ಬಹಳಷ್ಟು ಮಕ್ಕಳು ಸಮೀಕರಣವನ್ನು ನೋಡದೆಯೇ 0, 1, 2 ಎಂದು ಬರೆದುಬಿಡುತ್ತಾರೆ. 2 ಎಕ್ಸ್ + 3 ವೈ = 12 ಎಂಬಲ್ಲಿ ಎಕ್ಸ್‌ಗೆ 1 ಕೊಟ್ಟರೆ ವೈ 10/3 ಆಗುತ್ತದೆ; ಉತ್ತರ ತಪ್ಪಲ್ಲ, ಆದರೆ ಹಾಳೆಯ ಮೇಲೆ ಅದನ್ನು ಸರಿಯಾಗಿ ಗುರುತಿಸುವುದು ಕಷ್ಟ. ಮೊದಲು ವೈ = (12 − 2 ಎಕ್ಸ್) / 3 ಎಂದು ಬರೆಸಿ, ಛೇದ 3 ಇರುವುದರಿಂದ ಎಕ್ಸ್‌ಗೆ 3ರ ಅಪವರ್ತ್ಯಗಳನ್ನು ಕೊಡುವಂತೆ ಹೇಳಿದರೆ 0, 3, 6ಕ್ಕೆ 4, 2, 0 ದೊರೆಯುತ್ತವೆ. ಎಕ್ಸ್ ಪ್ರತಿ ಬಾರಿ 3 ಹೆಚ್ಚಿದಾಗ ವೈ 2 ಕಡಿಮೆಯಾಗುವುದನ್ನು ಮಕ್ಕಳೇ ಗಮನಿಸಲಿ.

ಸರಳರೇಖೆಗೆ ಎರಡು ಬಿಂದುಗಳು ಸಾಕು ಎಂಬುದು ನಿಜವಾದರೂ ಮೂರನೆಯದನ್ನು ಬಿಡಬಾರದು. ವೈ = 3 − 2 ಎಕ್ಸ್ ಎಂಬಲ್ಲಿ ಎಕ್ಸ್ = −1 ಆದಾಗ ವೈ 5 ಆಗಬೇಕು; ಚಿಹ್ನೆಯಲ್ಲಿ ಎಡವಿದವರು 1 ಎಂದು ಬರೆಯುತ್ತಾರೆ. (0, 3) ಮತ್ತು (1, 1) ಬಿಂದುಗಳನ್ನು ಸೇರಿಸುವ ಗೆರೆಯಿಂದ (−1, 1) ದೂರ ನಿಂತಾಗ ತಪ್ಪು ತಾನಾಗಿ ಬಯಲಾಗುತ್ತದೆ. ಆಗ ಶಿಕ್ಷಕರು ಉತ್ತರವನ್ನು ಹೇಳಿಬಿಡದೆ, ಕೋಷ್ಟಕದ ಆ ಒಂದು ಮನೆಯನ್ನು ಮಾತ್ರ ಮತ್ತೆ ಲೆಕ್ಕ ಮಾಡಲು ಹೇಳಬೇಕು. ಆದೇಶಿಸುವಾಗ, ಅಂದರೆ ಎಕ್ಸ್‌ನ ಜಾಗದಲ್ಲಿ ಅದರ ಬೆಲೆಯನ್ನು ಇಡುವಾಗ, ಋಣ ಸಂಖ್ಯೆಯನ್ನು ಆವರಣದೊಳಗೆ ಬರೆಯುವ ರೂಢಿಯಿದ್ದರೆ ಈ ತಪ್ಪು ಬಹಳ ಮಟ್ಟಿಗೆ ತಗ್ಗುತ್ತದೆ.

ಬಿಂದು ಗುರುತಿಸುವಾಗ (2, 5) ಅನ್ನು (5, 2) ಮಾಡುವವರಿಗಾಗಿ, ಶಹಾಬಾದ್ ಕಲ್ಲು ಹಾಸಿದ ಕೋಣೆಯಿದ್ದರೆ ನೆಲವನ್ನೇ ಬಳಸಬಹುದು. ಕಲ್ಲುಗಳ ಸಂದಿಗುಂಟ ಸೀಮೆಸುಣ್ಣದಿಂದ ಎರಡು ಅಕ್ಷಗಳನ್ನು ಎಳೆದು, ಮೂಲಬಿಂದುವಿನಿಂದ ಮೊದಲು ಅಡ್ಡಲಾಗಿ, ಆಮೇಲೆ ಮೇಲಕ್ಕೆ ನಡೆಯಲು ಹೇಳಬೇಕು. ಕಲ್ಲುಗಳು ಚೌಕವಾಗಿರದೆ ಉದ್ದವಾಗಿದ್ದರೂ, ಎಲ್ಲವೂ ಒಂದೇ ಅಳತೆಯವಾದರೆ ಸಾಕು. ಎರಡು ಅಕ್ಷಗಳ ಪ್ರಮಾಣ ಬೇರೆಬೇರೆಯಾದರೂ ರೇಖೆ ನೇರವಾಗಿಯೇ ಇರುತ್ತದೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಎಲ್ಲ ಕೋಷ್ಟಕಗಳೂ ಸರಳರೇಖೆಯನ್ನು ಕೊಡುತ್ತವೆ ಎಂಬ ಭ್ರಮೆ ಬೆಳೆಯದಂತೆ ಒಂದು ಪ್ರತಿ ಉದಾಹರಣೆಯನ್ನೂ ಇಡಬೇಕು. ಮುನಿರಾಬಾದಿನ ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಮಳೆಗಾಲದಲ್ಲಿ ಅದರ ಮಟ್ಟ ಮತ್ತು ಸಂಗ್ರಹದ ಅಂಕಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಮೇಲೆ ಹೋದಂತೆ ನೀರಿನ ಹರವು ಹೆಚ್ಚುವುದರಿಂದ ಒಂದೊಂದು ಅಡಿಗೂ ಸೇರುವ ನೀರು ಹೆಚ್ಚುತ್ತದೆ, ನಕ್ಷೆ ಬಾಗುತ್ತದೆ. ಕೆಲವೇ ಅಡಿಗಳ ಅಂತರದಲ್ಲಿ ಈ ಬಾಗು ಕಣ್ಣಿಗೆ ಕಾಣದಾದ್ದರಿಂದ, ಒಳಹರಿವು ಆರಂಭವಾದಾಗಿನಿಂದ ಜಲಾಶಯ ತುಂಬುವವರೆಗಿನ ಅಂಕಿಗಳನ್ನು ಸಂಗ್ರಹಿಸಬೇಕು.

ಎಕ್ಸ್ = 3 ಎಂಬಂಥ ಸಮೀಕರಣಕ್ಕೆ ಹೆಚ್ಚು ಸಮಯ ಬೇಡ: ಕೋಷ್ಟಕದಲ್ಲಿ ಎಕ್ಸ್ ಎಲ್ಲೆಡೆ 3, ವೈ ಯಾವುದಾದರೂ ಆಗಬಹುದು, ಗೆರೆ ವೈ-ಅಕ್ಷಕ್ಕೆ ಸಮಾಂತರ.

ಇಷ್ಟು ಗಟ್ಟಿಯಾದರೆ ಹತ್ತನೆಯ ತರಗತಿಯ ಸಮೀಕರಣಗಳ ಜೋಡಿ ಕಷ್ಟವಾಗುವುದಿಲ್ಲ. ಮೇಲಿನ 2 ಎಕ್ಸ್ + 3 ವೈ = 12ರ ಜೊತೆಗೆ ವೈ = ಎಕ್ಸ್ − 1 ಅನ್ನು ಕೊಟ್ಟು, ಎಕ್ಸ್‌ಗೆ 0, 3, 5 ಆದೇಶಿಸಿದರೆ ವೈ −1, 2, 4 ಬರುತ್ತದೆ. (3, 2) ಎರಡೂ ಕೋಷ್ಟಕಗಳಲ್ಲಿರುವುದನ್ನು ಚುರುಕಾದವರು ಕೂಡಲೇ ಕಂಡುಹಿಡಿಯುತ್ತಾರೆ; ಅಂಥವರಿಗೂ ಗೆರೆಗಳನ್ನು ಎಳೆಸಿ, ಛೇದಿಸುವ ಬಿಂದುವನ್ನು ಎರಡೂ ಸಮೀಕರಣಗಳಲ್ಲಿ ಆದೇಶಿಸಿ ತಾಳೆ ನೋಡಿಸಬೇಕು. ಉತ್ತರಪತ್ರಿಕೆಯಲ್ಲಿ ಎರಡೂ ಕೋಷ್ಟಕಗಳು, ಅಕ್ಷಗಳ ಹೆಸರು, ಬಳಸಿದ ಪ್ರಮಾಣ ಮತ್ತು ಪ್ರತಿ ಗೆರೆಯ ಪಕ್ಕದಲ್ಲಿ ಅದರ ಸಮೀಕರಣ ಇರುವಂತೆ ಆರಂಭದಿಂದಲೇ ಒತ್ತಾಯಿಸಬೇಕು.