ಎಸಿಗೆ ಗ್ಯಾಸ್ ತುಂಬಿಸುವ ಮುಂಚೆ: ನಾನು ಪತ್ತೆ ಮಾಡಿದ ರೀತಿ

ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಅದರ ಎಸಿಯಲ್ಲಿರುವುದು ತಂಪು ಮಾಡುವ ಆರ್-134ಎ ಗ್ಯಾಸ್. ಗಾಳಿ ಜೋರಾಗಿಯೇ ಬರುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಹಾಗಾಗಿ ಬ್ಲೋವರ್, ಕ್ಯಾಬಿನ್ ಫಿಲ್ಟರ್ ಎರಡನ್ನೂ ಪಕ್ಕಕ್ಕಿಟ್ಟು ಬಾನೆಟ್ ತೆಗೆದೆ. ಎಸಿ ಒತ್ತಿದರೂ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ಪುಲ್ಲಿಯ ಮುಂದಿನ ತಟ್ಟೆ ತಿರುಗಲಿಲ್ಲ. ಫ್ಯೂಸ್ ಸರಿಯಿತ್ತು, ಅದೇ ನಂಬರಿನ ಹಾರ್ನ್ ರಿಲೇ ಕಿತ್ತು ಎಸಿ ರಿಲೇ ಜಾಗಕ್ಕೆ ಹಾಕಿದರೂ ವ್ಯತ್ಯಾಸವಿಲ್ಲ. ಎಂಜಿನ್ ಆರಿಸಿ, ಆ ತಟ್ಟೆಯನ್ನು ಪುಲ್ಲಿಗೆ ಅಂಟಿಸುವ ಕಂಪ್ರೆಸರ್ ಕ್ಲಚ್ಚಿನ ತಂತಿಗೆ ನೇರ 12 ವೋಲ್ಟ್ ಕೊಟ್ಟೆ, ‘ಟಕ್’ ಎಂದು ಅಂಟಿಕೊಂಡಿತು. ಕ್ಲಚ್ಚಿನ ತಪ್ಪಲ್ಲ ಎಂದಾಯಿತು.

ಆಮೇಲೆ ಒತ್ತಡ ನೋಡುವ ಗೇಜ್. ಎಂಜಿನ್ ನಿಂತಿರುವಾಗ, 30 ಡಿಗ್ರಿ ಹವೆಯಲ್ಲಿ, ಎರಡೂ ಕಡೆ (ಕಂಪ್ರೆಸರಿಗೆ ಹೋಗುವ ಲೋ ಸೈಡ್, ಅದರಿಂದ ಹೊರಡುವ ಹೈ ಸೈಡ್) ಸುಮಾರು 95 ಪಿಎಸ್‌ಐ ಇರಬೇಕು. ನನಗೆ ಸಿಕ್ಕಿದ್ದು 20. ಆದರೆ 95 ತೋರಿಸಿದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಎನ್ನುವಂತಿಲ್ಲ: ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಒತ್ತಡ ಅಷ್ಟೇ ಇರುತ್ತದೆ, ಅದು ಉಷ್ಣಾಂಶವನ್ನು ಹೇಳುತ್ತದೆಯೇ ಹೊರತು ತೂಕವನ್ನಲ್ಲ. ಒತ್ತಡ ಇಷ್ಟು ಇಳಿದಾಗ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ತಡೆಯುತ್ತದೆ. ದಯವಿಟ್ಟು ಆ ಸ್ವಿಚ್ಚನ್ನು ತಂತಿ ಜೋಡಿಸಿ ದಾಟಿಸಬೇಡಿ. ಆಯಿಲ್ ಗ್ಯಾಸಿನ ಜೊತೆಗೇ ಸುತ್ತುವುದು; ಗ್ಯಾಸ್ ಇಲ್ಲದೆ ಓಡಿಸಿದರೆ ಕಂಪ್ರೆಸರ್ ಜಾಮ್ ಆಗುತ್ತದೆ.

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಉಳಿದದ್ದನ್ನು ಗ್ಯಾಸ್ ಹಿಡಿದಿಡುವ ರಿಕವರಿ ಯಂತ್ರಕ್ಕೆ ಎಳೆಸಿ, ರೆಗ್ಯುಲೇಟರ್ ಹಾಕಿ 150 ಪಿಎಸ್‌ಐ ನೈಟ್ರೋಜನ್ ತುಂಬಿದೆ. ಟೈರಿಗೆ ಬಿಡುವ ಗಾಳಿ ಇದಕ್ಕೆ ಬೇಡ, ತೇವವೂ ಒಳಗೆ ಹೋಗುತ್ತದೆ. ಕಂಡೆನ್ಸರಿನ (ಕಾರಿನ ಮುಂದೆ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಕೆಳ ಮೂಲೆಯಲ್ಲಿ ಧೂಳು ಅಂಟಿದ ಎಣ್ಣೆ ಕಲೆ ಇತ್ತು. ಸೋಪಿನ ನೀರು ಹಚ್ಚಿದೊಡನೆ ಅಲ್ಲೇ ಗುಳ್ಳೆ ಎದ್ದಿತು. ರಸ್ತೆಯ ಕಲ್ಲು ಮೊದಲು ಬಡಿಯುವುದೇ ಆ ಜಾಗಕ್ಕೆ. ಅಷ್ಟು ತೆಳು ಅಲ್ಯೂಮಿನಿಯಂಗೆ ವೆಲ್ಡಿಂಗ್ ಬಾಳುತ್ತದೆಂದು ನಾನು ನಂಬುವುದಿಲ್ಲ, ಹೊಸದನ್ನೇ ಹಾಕಿದೆ. ಜೊತೆಗೆ ತೇವ ಹೀರುವ ಡ್ರೈಯರ್, ಪೈಪಿನ ಜೋಡಣೆಗೆ ಹೊಸ ಹಸಿರು ಓ-ರಿಂಗ್‌ಗಳು (ಆಯಿಲ್ ಸವರಿ), ಕಂಡೆನ್ಸರಿಗೆ 30 ಮಿ.ಲೀ. ಪಿಎಜಿ-46 ಎಂಬ ಕಂಪ್ರೆಸರ್ ಆಯಿಲ್.

ಒಳಗಿನ ಗಾಳಿ, ತೇವ ಎಳೆಯಲು ಪಂಪಿನಿಂದ ವ್ಯಾಕ್ಯೂಮ್ 45 ನಿಮಿಷ. ವಾಲ್ವ್ ಮುಚ್ಚಿ ಮತ್ತೆ ಅರ್ಧ ಗಂಟೆ ಮುಳ್ಳು ಕದಲದಂತೆ ನೋಡಿದೆ. ಮಂಗಳೂರಿನಲ್ಲಿ 29 ಇಂಚು (ಪಾದರಸದ ಲೆಕ್ಕದಲ್ಲಿ) ವ್ಯಾಕ್ಯೂಮ್ ತೋರಿಸುವ ಮುಳ್ಳು, ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 26ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕೆ ಪಂಪನ್ನು ದೂರಬೇಕಿಲ್ಲ.

ಬಾನೆಟ್ ಸ್ಟಿಕ್ಕರಿನಲ್ಲಿ ಬರೆದದ್ದು 350 ಗ್ರಾಂ. ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಅಷ್ಟೇ ತುಂಬಿದೆ. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ. ಎಂಜಿನ್ ಓಡುವಾಗ ಲೋ ಸೈಡಿನಿಂದ ಮಾತ್ರ, ಡಬ್ಬಿ ನೆಟ್ಟಗೆ. ಹೈ ಸೈಡ್ ವಾಲ್ವ್ ತೆರೆದರೆ ಡಬ್ಬಿಯೇ ಸಿಡಿಯಬಹುದು. ಕನ್ನಡಕ, ಗ್ಲೌಸ್ ಇರಲೇಬೇಕು, ಈ ದ್ರವ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ, ಮೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ.

ಕೊನೆಗೆ 1500 ಆರ್‌ಪಿಎಂನಲ್ಲಿ ಲೋ 32, ಹೈ 210 ಪಿಎಸ್‌ಐ. ನಡುವಿನ ಕಿಂಡಿಯಲ್ಲಿ 7 ಡಿಗ್ರಿ. ಐಡ್ಲಿಂಗಿನಲ್ಲೂ ಹತ್ತು ನಿಮಿಷ ಬಿಟ್ಟು ನೋಡಿದೆ. ಆಗ ಹೈ ಸೈಡ್ 300 ದಾಟಿ, ಕಂಡೆನ್ಸರಿಗೆ ನೀರು ಹಾಕಿದೊಡನೆ ಇಳಿದರೆ ಮೊದಲು ನೋಡಬೇಕಾದ್ದು ಕಂಡೆನ್ಸರಿಗೆ ಗಾಳಿ ಕೊಡುವ ಫ್ಯಾನು, ಗ್ಯಾಸಲ್ಲ.