ಗಂಡನ ಬೆರಳಿಗೂ ಒಂದು ಚುಚ್ಚು

ಗರ್ಭಿಣಿಯ ಜೊತೆ ಗಂಡನ ಹಿಮೋಗ್ಲೋಬಿನ್ (ರಕ್ತದ ಕೆಂಪಂಶ) ಕೂಡ ನೋಡೋಣ ಅಂದಾಗ ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ‘ಸುಮ್ನೆ ಟೆಸ್ಟಿನ ಸ್ಟ್ರಿಪ್ ದಂಡ ಮೇಡಮ್’ ಅಂದರು. ಹದಿನಾರು ವರ್ಷದಿಂದ ಗರ್ಭಿಣಿಯರ ಆರೋಗ್ಯ ನೋಡುವ ಕೆಲಸ ಮಾಡ್ತಿದ್ದೀನಿ, ಇಂಥ ನಗು ಹೊಸದಲ್ಲ.

ಬೆಂಗಳೂರಿನ ವರ್ತೂರು ಕಡೆಯ ಶೀಟಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರಿನ ಗಾರೆ ಕೆಲಸದವರೇ ಜಾಸ್ತಿ. 2018-20ರಲ್ಲಿ ರಾಜ್ಯದ ತಾಯಿ ಮರಣ ಲಕ್ಷ ಜೀವಂತ ಜನನಕ್ಕೆ 69ಕ್ಕೆ ಇಳಿದಿತ್ತು. ಸರಾಸರಿ ಬಿಡಿ, ಈ ಹೆಂಗಸರು ಹಗಲು ಓಪಿಡಿಗೆ ಬಂದರೆ ದಿನದ ಕೂಲಿಯೇ ಹೋಗುತ್ತದೆ. ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿ. ಏಳನೇ ತಿಂಗಳಿಗೆ ತವರಿಗೆ ಹೋದರೆ ನಮ್ಮ ರಿಜಿಸ್ಟರಿನಿಂದಲೇ ಮಾಯ.

ಮೊದಲ ವರ್ಷ ಪೂರಾ ಸೋತೆ. ಕಬ್ಬಿಣಾಂಶದ ಮಾತ್ರೆ ಒಬ್ಬೊಬ್ಬರಿಗೆ 180ರ ಲೆಕ್ಕದಲ್ಲಿ ಹಂಚಿದೆವು. ಶೆಡ್ಡಿನ ಹಿಂದಿನ ಮೋರಿಯಲ್ಲಿ ಅದೇ ಕೆಂಪು ಮಾತ್ರೆಗಳು! ‘ಗುಳಿಗಿ ನುಂಗಿದ್ರ ಕೂಸು ಕರ್ರಗ ಹುಟ್ತೈತ್ರೀ ಅಕ್ಕಾರ’ ಅಂದಳೊಬ್ಬಳು. ಕ್ಯಾಂಪಿನ ಬ್ಯಾನರಿಗೆ, ಶಾಮಿಯಾನಕ್ಕೆ ದುಡ್ಡು ಬಂತು, ಸ್ಟ್ರಿಪ್ಪಿಗೆ ಬರಲಿಲ್ಲ. ಆಟೋ, ಸ್ಟ್ರಿಪ್ ಎಲ್ಲ ಸೇರಿ ನನ್ನ ಕೈಯಿಂದ ಹದಿನಾಲ್ಕು ಸಾವಿರ ಹೋಗಿರಬೇಕು. ಮನೆಯಲ್ಲಿ ಹೇಳಿದ್ದು ಎಂಟು.

ಆಮೇಲೆ ಭಾನುವಾರ ಸಂಜೆ ಕೂತೆವು. ಬಟವಾಡೆ ಆಗಿ, ಸಂತೆ ಮುಗಿಸಿ ಗಂಡ ಹೆಂಡತಿ ಒಟ್ಟಿಗೆ ಬರುವ ಹೊತ್ತು. ಇಬ್ಬರ ಬೆರಳನ್ನೂ ಚುಚ್ಚಿ ಮೀಟರ್ ಪಕ್ಕಪಕ್ಕ ತೋರಿಸಿದೆ. ಅವನದು ಹದಿನಾಲ್ಕು, ಅವಳದು ಏಳೂವರೆ. ನಾನು ಬಾಯಿ ಬಿಡಲಿಲ್ಲ. ಮುಂದಿನ ವಾರ ಅವನೇ ಅವಳ ಮಾತ್ರೆಯ ಖಾಲಿ ಪಟ್ಟಿ ತಂದು ತೋರಿಸಿದ! ಮೇಸ್ತ್ರಿಯನ್ನು ಹೇಗೆ ಒಪ್ಪಿಸಿದೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ನಡುವೆ ರಾಗಿ ಮಾಲ್ಟ್ ಮಾಡಿಸಿ ನೋಡಿದೆ. ಜೋಳದ ರೊಟ್ಟಿಯವರಿಗೆ ಬೆಂಗಳೂರಿನ ರಾಗಿ! ಎರಡು ಗುಟುಕು ಕುಡಿದು ಲೋಟ ಇಟ್ಟರು. ‘ಪುಂಡಿಪಲ್ಯ ಸಿಕ್ಕರ ಕೊಡ್ರಿ’ ಅಂದರು. ಚಹಾ ಜೊತೆ ಮಾತ್ರೆ ನುಂಗುವುದನ್ನು ಬಿಡಿಸಿ ರಾತ್ರಿ ಊಟದ ಮೇಲೆ ಅಂತ ಮಾಡಿದ್ದು ಮಾತ್ರ ಚೆನ್ನಾಗಿ ನಡೆಯಿತು. ಹೊಟ್ಟೆ ತೊಳಸುವುದೂ ಕಡಿಮೆಯಾಯಿತು.

ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿದ್ದವರನ್ನು ನೇರ ಆಸ್ಪತ್ರೆಗೆ ಕಳಿಸುತ್ತಿದ್ದೆ. 6.4 ಇದ್ದ ಒಬ್ಬಳನ್ನು ಕಾರ್ಡ್ ಇಲ್ಲ ಅಂತ ಒಂದು ಕಡೆ ವಾಪಸ್ ಕಳಿಸಿದರು. ಎರಡನೇ ಕಡೆ ನಾನೇ ಜೊತೆಗೆ ಹೋಗಿ ರಾತ್ರಿ ಹನ್ನೊಂದರವರೆಗೆ ನಿಂತೆ. ಅಂದಿನಿಂದ ಎಲ್ಲರ ಕಾರ್ಡಿನ ಫೋಟೋ ನನ್ನ ಮೊಬೈಲಿನಲ್ಲಿದೆ.

ಕಳೆದ ಸಲ ಅರವತ್ತು ಚಿಲ್ಲರೆ ಹೆಂಗಸರಲ್ಲಿ ನಲವತ್ತಕ್ಕೂ ಜಾಸ್ತಿ ಜನರ ಹಿಮೋಗ್ಲೋಬಿನ್ ಹತ್ತು ದಾಟಿತ್ತು. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಏರಿಯಾದಲ್ಲೂ ಇದನ್ನೇ ಮಾಡುತ್ತಿದ್ದಾರೆ. ನಮ್ಮ ಕಡೆ ಮದುವೆಯಾಗದ ಹುಡುಗರೂ ಸಾಲಿನಲ್ಲಿ ಬಂದು ಬೆರಳು ಚಾಚುತ್ತಾರೆ. ಸ್ಟ್ರಿಪ್ ಡಬ್ಬಿ ತಿಂಗಳ ನಡುವೆಯೇ ಖಾಲಿ.